ಗಣಕಯಂತ್ರದ ಪರಕಾಯ ಪ್ರವೇಶ

ಹಳೆಯ ಡಿಸ್ಕಿನಲ್ಲಿರುವ ಆಪರೇಟಿಂಗ್ ಸಿಸ್ಟಮನ್ನು ಹೊಸ ಡಿಸ್ಕಿಗೆ ಸಾಗಿಸುವುದು ಹೇಗೆ?

ಶಂಕರಾಚಾರ್ಯರು ಅಮರುಕ ರಾಜನ ಮೃತದೇಹವನ್ನು ಪ್ರವೇಶಿಸಿದ ಕಥೆ ಕನ್ನಡಿಗರಿಗೆ ಹೊಸದಲ್ಲ. ಮಂಡನಮಿಶ್ರರ ಪತ್ನಿ ಉಭಯಭಾರತಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಲು ಸಂನ್ಯಾಸಿಗೆ ಗೃಹಸ್ಥಜೀವನದ ಅನುಭವ ಬೇಕಾಯಿತು. ಆಚಾರ್ಯರು ತಮ್ಮ ಶರೀರವನ್ನು ಶಿಷ್ಯರ ಕಾವಲಿನಲ್ಲಿರಿಸಿ, ಯೋಗಬಲದಿಂದ ರಾಜನ ಕಾಯವನ್ನು ಹೊಕ್ಕರೆಂದು ಶಂಕರವಿಜಯದ ಕಥೆ ಸಾರುತ್ತದೆ. ಸತ್ತ ಅರಸ ಎದ್ದು ಕುಳಿತನು. ಹೊರಗಿನ ದೇಹ ಬೇರೆ, ಒಳಗಿದ್ದವರು ಅವರೇ.

ಯೋಗಿಗಳಿಗೆ ಮಾತ್ರ ಸಾಧ್ಯವೆಂದು ನಂಬಲಾಗಿದ್ದ ಈ ವಿದ್ಯೆಯನ್ನು ಹೋಲುವ ಕೆಲಸವೊಂದು ಇಂದು ಗಣಕಯಂತ್ರದ ರಿಪೇರಿ ಅಂಗಡಿಗಳಲ್ಲಿ ದಿನನಿತ್ಯ ನಡೆಯುತ್ತದೆ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ವಾಸವಾಗಿರುವ ಆಪರೇಟಿಂಗ್ ಸಿಸ್ಟಮನ್ನು, ಅದು ವಿಂಡೋಸ್ ಆಗಿರಲಿ ಲಿನಕ್ಸ್ ಆಗಿರಲಿ, ಇದ್ದುದಿದ್ದಂತೆಯೇ ಎತ್ತಿ ಹೊಸ ಡಿಸ್ಕಿನೊಳಕ್ಕೆ ಇಳಿಸುವ ಕೆಲಸವದು. ಸರಿಯಾಗಿ ನಡೆದರೆ ಎಂಟು ಹತ್ತು ವರ್ಷ ಹಳೆಯದಾದ ಯಂತ್ರವೂ ಮರಳಿ ಹರೆಯ ಪಡೆದಂತೆ ಓಡುತ್ತದೆ. ತಪ್ಪಿ ನಡೆದರೆ ಮಕ್ಕಳ ನಾಮಕರಣದ ಚಿತ್ರಗಳು, ಅಂಗಡಿಯ ಲೆಕ್ಕಪತ್ರಗಳು, ವರ್ಷಗಟ್ಟಲೆ ಬರೆದ ಬರಹಗಳು, ಎಲ್ಲವೂ ಒಂದೇ ಗಳಿಗೆಯಲ್ಲಿ ಇಲ್ಲವಾಗುತ್ತವೆ. ಆದುದರಿಂದ ಈ ವಿದ್ಯೆಯ ಮರ್ಮವನ್ನು ಬಳಕೆದಾರರು ತಕ್ಕಮಟ್ಟಿಗಾದರೂ ಅರಿತಿರುವುದು ಒಳ್ಳೆಯದು.

ಸುತ್ತುವ ತಟ್ಟೆಯ ಆಯುಸ್ಸು

ಹಾರ್ಡ್ ಡಿಸ್ಕಿನ ಮೂಲಪುರುಷ 1956ರ ಸೆಪ್ಟೆಂಬರಿನಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆ ಲೋಕಕ್ಕೆ ಪರಿಚಯಿಸಿದ ‘ರಾಮಾಕ್’ ಯಂತ್ರದ ಜೊತೆಗಿದ್ದಿತು. 24 ಅಂಗುಲ ವ್ಯಾಸದ 50 ತಟ್ಟೆಗಳು ಒಂದರ ಮೇಲೊಂದರಂತೆ ನಿಂತು ನಿಮಿಷಕ್ಕೆ 1,200 ಸುತ್ತು ಸುತ್ತುತ್ತಿದ್ದುವು. ಸುಮಾರು ಒಂದು ಟನ್ ತೂಗುತ್ತಿದ್ದ ಆ ಮಹಾಕಾಯ ಹಿಡಿದಿಡುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಇಂದಿನ ಫೋನಿನಲ್ಲಿ ತೆಗೆದ ಒಂದು ಒಳ್ಳೆಯ ಭಾವಚಿತ್ರವೂ ಅದರಲ್ಲಿ ಹಿಡಿಸುವುದು ಸಂದೇಹವೇ ಸರಿ.

ಗಾತ್ರ ಅಂಗೈಯಗಲಕ್ಕೆ ಇಳಿದರೂ ಮೂಲತತ್ತ್ವ ಬದಲಾಗಲಿಲ್ಲ. ಸಾಮಾನ್ಯ ಗಣಕಯಂತ್ರದ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸಲ ಸುತ್ತುತ್ತವೆ. ಕೂದಲೆಳೆಯ ದಪ್ಪದಲ್ಲಿ ಸಾವಿರದ ಒಂದು ಪಾಲಿಗಿಂತಲೂ ಕಡಮೆಯಾದ ಅಂತರದಲ್ಲಿ, ಓದುವ ಸೂಕ್ಷ್ಮವಾದ ತಲೆಯೊಂದು ಆ ತಟ್ಟೆಯ ಮೇಲೆ ತೇಲುತ್ತಿರುತ್ತದೆ. ಸುತ್ತುವ ವಸ್ತು ಎಂದಾದರೊಂದು ದಿನ ಸವೆಯಲೇಬೇಕಷ್ಟೆ. ಕಡತವೊಂದನ್ನು ತೆರೆಯಲು ಎಂದಿಲ್ಲದಷ್ಟು ಹೊತ್ತು ಹಿಡಿಯುವುದು, ಪೆಟ್ಟಿಗೆಯೊಳಗಿನಿಂದ ‘ಟಕ್ ಟಕ್’ ಶಬ್ದ ಕೇಳಿಸುವುದು, ಯಂತ್ರ ನಡುನಡುವೆ ಸ್ತಬ್ಧವಾಗುವುದು, ಇವೆಲ್ಲ ಅವಸಾನದ ಮುನ್ಸೂಚನೆಗಳು.

ಇತ್ತ ಸುತ್ತುವ ತಟ್ಟೆಯೇ ಇಲ್ಲದ ಎಸ್.ಎಸ್.ಡಿ. ಎಂಬ ಸಂಗ್ರಹಸಾಧನ ಬಂದಿದೆ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುವೊಕ 1980ರ ದಶಕದಲ್ಲಿ ಕಂಡುಹಿಡಿದ ಫ್ಲಾಷ್ ಸ್ಮೃತಿಯೇ ಇದರ ಜೀವಾಳ. ತಟ್ಟೆಯ ಡಿಸ್ಕು ಬೇಕಾದ ಜಾಗವನ್ನು ಹುಡುಕಿ ಮುಟ್ಟಲು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ತೆಗೆದುಕೊಂಡರೆ, ಇದಕ್ಕೆ ಹತ್ತು ಸಾವಿರದ ಒಂದು ಭಾಗ ಸಾಕು. ಆಪರೇಟಿಂಗ್ ಸಿಸ್ಟಂ ಎಚ್ಚರಗೊಳ್ಳುವಾಗ ಸಾವಿರಾರು ಸಣ್ಣ ಕಡತಗಳನ್ನು ಅಲ್ಲಲ್ಲಿಂದ ಹೆಕ್ಕಬೇಕಾಗುವುದರಿಂದ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಕೆಂದು ನಿಶ್ಚಯಿಸಿದವರು ಡಿಸ್ಕೊಂದನ್ನು ಬದಲಿಸಿ ಇನ್ನೂ ಕೆಲವು ವರ್ಷ ಬಳಸಿದ ಉದಾಹರಣೆಗಳಿಗೆ ಲೆಕ್ಕವಿಲ್ಲ.

ಪ್ರತಿ ಮಾಡಿದರೆ ಸಾಲದೆ?

ಹಳೆಯ ಡಿಸ್ಕಿನಲ್ಲಿರುವ ಕಡತಗಳನ್ನೆಲ್ಲ ಆರಿಸಿ ಹೊಸದಕ್ಕೆ ಪ್ರತಿ ಮಾಡಿದರೆ ಮುಗಿಯಲಿಲ್ಲವೆ ಎಂದು ಯಾರಿಗಾದರೂ ತೋರುವುದು ಸಹಜ. ಚಿತ್ರ, ಹಾಡು, ಪತ್ರಗಳ ಮಟ್ಟಿಗೆ ಅದು ಸಾಕು. ಆಪರೇಟಿಂಗ್ ಸಿಸ್ಟಮಿನ ಸಂಗತಿ ಹಾಗಲ್ಲ. ಅದರ ಕಡತಗಳಲ್ಲಿ ಅನೇಕವು ಯಂತ್ರ ನಡೆಯುತ್ತಿರುವಷ್ಟು ಹೊತ್ತೂ ಬಳಕೆಯಲ್ಲಿದ್ದು ಸಾಮಾನ್ಯ ಪ್ರತಿಗೆ ಒಗ್ಗುವುದಿಲ್ಲ. ಹೇಗೋ ಎಲ್ಲವನ್ನೂ ಸಾಗಿಸಿದರೂ, ಹೊಸ ಡಿಸ್ಕಿನಿಂದ ಯಂತ್ರ ಎಚ್ಚರಗೊಳ್ಳುವುದಿಲ್ಲ. ಕಪ್ಪು ಪರದೆಯ ಮೇಲೆ ‘ಆಪರೇಟಿಂಗ್ ಸಿಸ್ಟಂ ಸಿಕ್ಕಲಿಲ್ಲ’ ಎಂಬರ್ಥದ ಒಂದು ಸಾಲು ಮೂಡಿ ನಿಲ್ಲುತ್ತದೆ. ಕಡತಗಳೆಲ್ಲ ಇದ್ದೂ ಹೀಗಾಗುವುದು ಸೋಜಿಗವಲ್ಲವೆ?

ಕಾರಣವಿಷ್ಟೆ. ಗುಂಡಿಯೊತ್ತಿದ ಕ್ಷಣದಲ್ಲಿ ಗಣಕಯಂತ್ರಕ್ಕೆ ವಿಂಡೋಸ್ ಎಂದರೇನು, ಲಿನಕ್ಸ್ ಎಂದರೇನು ಎಂಬುದಾವುದೂ ತಿಳಿದಿರುವುದಿಲ್ಲ. ಮದರ್‌ಬೋರ್ಡಿನ ಮೇಲಿನ ಚಿಪ್ಪೊಂದರಲ್ಲಿ ಅಡಗಿರುವ ಪುಟ್ಟ ಕ್ರಮವಿಧಿ ಮೊದಲು ಏಳುತ್ತದೆ. ಅದು ಡಿಸ್ಕಿನ ಗೊತ್ತಾದ ಒಂದು ಜಾಗಕ್ಕೆ ಹೋಗಿ, ಅಲ್ಲಿರುವ ಇನ್ನೊಂದು ಸಣ್ಣ ಕ್ರಮವಿಧಿಯನ್ನು ಎಬ್ಬಿಸುತ್ತದೆ. ಅದು ಮುಂದಿನದನ್ನು ಎಬ್ಬಿಸುತ್ತದೆ. ಹೀಗೆ ಒಂದರಿಂದ ಒಂದು ಎಚ್ಚೆತ್ತು ಕಡೆಗೆ ಇಡೀ ವ್ಯವಸ್ಥೆ ಕಣ್ತೆರೆಯುತ್ತದೆ. ಬೂಟಿನ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದು ಎಂಬ ಇಂಗ್ಲಿಷಿನ ಮಾತಿನಿಂದ ಈ ಕ್ರಿಯೆಗೆ ‘ಬೂಟ್’ ಎಂಬ ಹೆಸರು ಬಂದಿತು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಯಂತ್ರ ಮೇಲೇಳದು.

ಪಾಲುಪಟ್ಟಿಯ ಮಹಿಮೆ

ಮೊದಲ ಕೊಂಡಿ ಇರುವ ಜಾಗ ಯಾವುದು? 1983ರಲ್ಲಿ ಐ.ಬಿ.ಎಂ. ಸಂಸ್ಥೆಯ ‘ಪಿ.ಸಿ. ಎಕ್ಸ್.ಟಿ.’ 10 ಎಂ.ಬಿ. ಹಾರ್ಡ್ ಡಿಸ್ಕಿನೊಡನೆ ಬಂದಾಗ ಜಾರಿಗೆ ಬಂದ ಪದ್ಧತಿಯಂತೆ, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳೇ ಆ ಜಾಗ. ಅದರಲ್ಲಿ 446 ಬೈಟುಗಳಷ್ಟು ಚಾಲನೆಯ ಕ್ರಮವಿಧಿ. 64 ಬೈಟುಗಳಷ್ಟು ಪಾಲುಪಟ್ಟಿ. ಕೊನೆಯ 2 ಬೈಟುಗಳು ಮೊಹರು. ಅಣ್ಣತಮ್ಮಂದಿರ ಆಸ್ತಿಗೆ ಪಾಲುಪಟ್ಟಿ ಇರುವಂತೆ, ಡಿಸ್ಕಿನಲ್ಲಿ ಯಾವ ಪಾರ್ಟಿಷನ್ ಎಲ್ಲಿಂದ ಆರಂಭವಾಗುತ್ತದೆ, ಎಷ್ಟು ವಿಸ್ತಾರವಾಗಿದೆ ಎಂಬುದನ್ನು ಇದು ತಿಳಿಸುತ್ತದೆ. ಎಂ.ಬಿ.ಆರ್. ಎಂದು ಕರೆಯುವ ಈ ಹಳೆಯ ಪದ್ಧತಿಯ ಪಟ್ಟಿಯಲ್ಲಿ ನಾಲ್ಕು ಮುಖ್ಯ ಪಾಲುಗಳಿಗೆ ಮಾತ್ರ ಅವಕಾಶ. ಸಾಮಾನ್ಯ ಡಿಸ್ಕುಗಳಲ್ಲಿ ಸುಮಾರು 2.2 ಟಿ.ಬಿ. ದಾಟಿದ ಜಾಗವನ್ನು ಅದು ಗುರುತಿಸಲಾರದು.

ಹೊಸ ಪದ್ಧತಿ ಜಿ.ಪಿ.ಟಿ. ಇದರಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಸ್ಥಳವುಂಟು. ಪಟ್ಟಿ ಕೆಟ್ಟರೆ ಗತಿಯೇನೆಂದು ಡಿಸ್ಕಿನ ತುದಿಯಲ್ಲಿ ಅದರ ಇನ್ನೊಂದು ಪ್ರತಿಯನ್ನೂ ಇರಿಸಲಾಗಿದೆ. ಇದರೊಡನೆ ಯು.ಇ.ಎಫ್.ಐ. ಎಂಬ ಚಾಲನಾಕ್ರಮ ಬಳಕೆಗೆ ಬಂದಿದೆ. ಇಲ್ಲಿ ಯಂತ್ರವನ್ನು ಎಬ್ಬಿಸುವ ಕಡತಗಳಿಗಾಗಿಯೇ ಇ.ಎಫ್.ಐ. ಪಾರ್ಟಿಷನ್ ಎಂಬ ಪುಟ್ಟ ಪಾಲನ್ನು ಮೀಸಲಿಡುತ್ತಾರೆ. ಅದು ಸಾಮಾನ್ಯ ಬಳಕೆದಾರನ ಕಣ್ಣಿಗೆ ಬೀಳುವುದಿಲ್ಲ. ‘ಸಿ’ ಡ್ರೈವ್, ‘ಡಿ’ ಡ್ರೈವ್ ಎಂಬಂತೆ ಅದಕ್ಕೆ ಅಕ್ಷರವೂ ಇರುವುದಿಲ್ಲ. ಕಾಣುವ ‘ಸಿ’ ಡ್ರೈವನ್ನಷ್ಟೇ ಸಾಗಿಸಿದವರು ಸೋಲುವುದು ಇಲ್ಲಿಯೇ. ಮನೆಯ ಸಾಮಾನನ್ನೆಲ್ಲ ಹೊಸ ಮನೆಗೆ ಹೊತ್ತು ತಂದು ಬೀಗದಕೈಯನ್ನು ಹಳೆಯ ಮನೆಯ ಮೊಳೆಯಲ್ಲಿ ಮರೆತುಬಂದಂತಾಗುತ್ತದೆ.

ಆದುದರಿಂದ ಸ್ಥಳಾಂತರವೆಂದರೆ ಪಾಲುಪಟ್ಟಿ, ಚಾಲನೆಯ ಪಾಲು, ಆಪರೇಟಿಂಗ್ ಸಿಸ್ಟಮಿನ ಪಾಲು, ಈ ಮೂರೂ ಒಟ್ಟಿಗೆ ಸಾಗಬೇಕು. ಇದನ್ನೇ ‘ಕ್ಲೋನಿಂಗ್’ ಎನ್ನುತ್ತಾರೆ.

ಸಾಗಿಸುವುದೋ, ಹೊಸದಾಗಿ ಹೂಡುವುದೋ?

ಎಲ್ಲರೂ ಕ್ಲೋನಿಂಗ್ ಮಾಡಲೇಬೇಕೆಂದಿಲ್ಲ. ಹೊಸ ಡಿಸ್ಕಿನಲ್ಲಿ ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿಯೇ ಸ್ಥಾಪಿಸಿ, ಆಮೇಲೆ ಸ್ವಂತ ಕಡತಗಳನ್ನಷ್ಟೇ ತಂದುಕೊಳ್ಳುವುದು ಎರಡನೆಯ ಮಾರ್ಗ. ವರ್ಷಗಳ ಕಸಕಡ್ಡಿ ಜೊತೆಗೆ ಬಾರದೆಂಬುದು ಅದರ ಗುಣ. ಕ್ಲೋನಿಂಗಾದರೋ ಹಳೆಯ ಡಿಸ್ಕಿನ ಸದ್ಗುಣ ದುರ್ಗುಣಗಳೆರಡನ್ನೂ ನಿಷ್ಠೆಯಿಂದ ಸಾಗಿಸುತ್ತದೆ. ವೈರಸ್ ಹೊಕ್ಕಿದ್ದರೆ ಅದೂ ಹೊಸ ಡಿಸ್ಕಿಗೆ ಬರುತ್ತದೆ. ಸಿಸ್ಟಂ ಹಳೆಯದಾಗಿದ್ದರೆ ಹಳೆಯದಾಗಿಯೇ ಉಳಿಯುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹೊಸ ಡಿಸ್ಕಿಗೆ ಸಾಗಿಸಿದ ಮಾತ್ರಕ್ಕೆ ಅದು ಮರಳಿ ಬಾರದು.

ಹೀಗಿದ್ದರೂ ಇದ್ದುದನ್ನು ಇದ್ದಂತೆಯೇ ಸಾಗಿಸಬೇಕಾದ ಸಂದರ್ಭಗಳು ಹಲವು. ಕನ್ನಡದ ಅಚ್ಚಿನ ಕೆಲಸ ಮಾಡುವ ಡಿ.ಟಿ.ಪಿ. ಕೇಂದ್ರಗಳು ಇದಕ್ಕೆ ಉತ್ತಮ ನಿದರ್ಶನ. ಯೂನಿಕೋಡ್ ಬಳಕೆ ಹಬ್ಬುವ ಮೊದಲು ಶ್ರೀಲಿಪಿ, ಬರಹ, ನುಡಿ ಮೊದಲಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದುವು. ಆ ಕಾಲದ ಕಡತವನ್ನು ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಎದುರಾಗುತ್ತದೆ. ಫಾಂಟಿನ ಮೂಲ ಸಿ.ಡಿ. ಕಳೆದುಹೋಗಿ, ತಂತ್ರಾಂಶದ ಆ ಆವೃತ್ತಿ ಮಾರುಕಟ್ಟೆಯಲ್ಲಿ ಇಲ್ಲವಾಗಿದ್ದರೆ, ಎಲ್ಲವೂ ಕೂಡಿ ನಡೆಯುತ್ತಿರುವ ಆ ಹಳೆಯ ಡಿಸ್ಕೊಂದೇ ನೂರಾರು ಪುಸ್ತಕಗಳ ಪುಟಗಳಿಗೆ ಆಧಾರ. ಅಂಥಲ್ಲಿ ಕಡತಗಳನ್ನು ಮಾತ್ರ ಉಳಿಸಿಕೊಂಡರೆ ಬರಹ ಉಳಿದೂ ಓದು ಉಳಿಯದು. ವ್ಯವಸ್ಥೆಯನ್ನೇ ಸಾಗಿಸಬೇಕು.

ಕೈಯಿಡುವ ಮುನ್ನ

ಮೊದಲ ಕೆಲಸ, ಮುಖ್ಯವಾದ ಕಡತಗಳ ಪ್ರತಿಯೊಂದನ್ನು ಮೂರನೆಯ ಜಾಗದಲ್ಲಿ ಇಟ್ಟುಕೊಳ್ಳುವುದು. ಈ ಪ್ರತಿ ಹಳೆಯ ಡಿಸ್ಕಿನಲ್ಲೂ ಇರಕೂಡದು, ಹೊಸದರಲ್ಲೂ ಇರಕೂಡದು. ಹಳೆಯ ಡಿಸ್ಕು ಸದ್ದು ಮಾಡಲಾರಂಭಿಸಿದ್ದರಂತೂ ಆಪರೇಟಿಂಗ್ ಸಿಸ್ಟಮಿನ ಯೋಚನೆಯನ್ನು ಬದಿಗಿಟ್ಟು ಚಿತ್ರಗಳನ್ನೂ ಲೆಕ್ಕಪತ್ರಗಳನ್ನೂ ಮೊದಲು ಹೊರತೆಗೆಯಬೇಕು. ಸಾಯುತ್ತಿರುವ ಡಿಸ್ಕು ಇನ್ನೆಷ್ಟು ಸಲ ಓದಲು ಬಿಡುತ್ತದೆಂದು ಹೇಳಬಲ್ಲವರಿಲ್ಲ. ವಿಂಡೋಸನ್ನು ಇನ್ನೊಮ್ಮೆ ಪಡೆಯಬಹುದು; ಅಜ್ಜಿಯ ಕೊನೆಯ ಭಾವಚಿತ್ರವನ್ನು ಪಡೆಯಲಾಗದು.

ಎರಡನೆಯದು, ಅಳತೆ. ಪೆಟ್ಟಿಗೆಯ ಮೇಲೆ 500 ಜಿ.ಬಿ. ಎಂದಿರುವ ಡಿಸ್ಕನ್ನು ವಿಂಡೋಸ್ 465 ಜಿ.ಬಿ. ಎಂದು ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದೇ ಇದಕ್ಕೆ ಕಾರಣ. ಯಾರೂ ಮೋಸ ಮಾಡಿರುವುದಿಲ್ಲ. ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದಾಗಿದ್ದರೆ, ಉದಾಹರಣೆಗೆ 480 ಜಿ.ಬಿ.ಯದಾಗಿದ್ದರೆ, ಬೇಡವಾದುದನ್ನು ತೆಗೆದು ಹಳೆಯ ಪಾಲನ್ನು ಮೊದಲೇ ಕುಗ್ಗಿಸಿಕೊಳ್ಳಬೇಕಾದೀತು.

ಮೂರನೆಯದು, ಬೀಗ. ಈಚಿನ ಯಂತ್ರಗಳಲ್ಲಿ ಅನೇಕವು ‘ಬಿಟ್‌ಲಾಕರ್’ ಮೊದಲಾದ ಗೂಢಲಿಪಿಯ ರಕ್ಷಣೆಯನ್ನು ಹೊಂದಿರುತ್ತವೆ. ಮಾಲೀಕನಿಗೆ ಅರಿವಿಲ್ಲದೆಯೇ ಅದು ಜಾರಿಯಲ್ಲಿರುವುದೂ ಉಂಟು. ಡಿಸ್ಕು ಬದಲಾದುದನ್ನು ಕಂಡ ಯಂತ್ರ 48 ಅಂಕಿಗಳ ರಹಸ್ಯಸಂಖ್ಯೆಯನ್ನು ಕೇಳಬಹುದು. ಆ ಸಂಖ್ಯೆಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳದವನು ತನ್ನ ಮನೆಯ ಬಾಗಿಲಲ್ಲಿ ತಾನೇ ಪರಕೀಯನಾಗುತ್ತಾನೆ. ನಕಲಿಗೆ ಮುಂಚೆ ಈ ಬೀಗವನ್ನು ತೆಗೆದು, ಹೊಸ ಡಿಸ್ಕು ಸರಿಯಾಗಿ ನಡೆದ ಬಳಿಕ ಮತ್ತೆ ಹಾಕುವುದು ಸುರಕ್ಷಿತ ಮಾರ್ಗ.

ಯಾವುದರಿಂದ ಯಾವುದಕ್ಕೆ?

ಇನ್ನು ನಕಲಿನ ಕಾರ್ಯ. ಹೊಸ ಡಿಸ್ಕನ್ನು ಯಂತ್ರದೊಳಗಿನ ಖಾಲಿ ಜಾಗದಲ್ಲಾಗಲಿ, ಯು.ಎಸ್.ಬಿ. ಕೇಬಲ್ಲಿನ ಮೂಲಕ ಹೊರಗಿನಿಂದಾಗಲಿ ಜೋಡಿಸುತ್ತಾರೆ. ಡಿಸ್ಕು ತಯಾರಕರಲ್ಲಿ ಹಲವರು ನಕಲಿನ ತಂತ್ರಾಂಶವನ್ನು ಗಿರಾಕಿಗಳಿಗೆ ಉಚಿತವಾಗಿಯೇ ಕೊಡುತ್ತಾರೆ. ತೈವಾನಿನಲ್ಲಿ ರೂಪುಗೊಂಡ ‘ಕ್ಲೋನ್‌ಜಿಲ್ಲಾ’ ಎಂಬ ತಂತ್ರಾಂಶವೂ ಉಚಿತವಾಗಿ ದೊರೆಯುತ್ತದೆ. ಪೆನ್‌ಡ್ರೈವಿನಿಂದಲೇ ಎಚ್ಚರಗೊಂಡು ಕೆಲಸ ಮಾಡುವುದರಿಂದ, ನಕಲು ನಡೆಯುವಾಗ ಹಳೆಯ ಸಿಸ್ಟಂ ನಿದ್ರಾವಸ್ಥೆಯಲ್ಲಿರುವುದು ಇದರ ಅನುಕೂಲ.

ಕಾಲವೆಷ್ಟು ಹಿಡಿದೀತು? ಸೆಕೆಂಡಿಗೆ 100 ಎಂ.ಬಿ. ವೇಗದಲ್ಲಿ ತುಂಬಿದ 500 ಜಿ.ಬಿ. ಡಿಸ್ಕನ್ನು ಸಾಗಿಸಲು 5,000 ಸೆಕೆಂಡು, ಎಂದರೆ ಸುಮಾರು ಒಂದು ಗಂಟೆ ಇಪ್ಪತ್ತಮೂರು ನಿಮಿಷ ಬೇಕು. ಅಷ್ಟು ಹೊತ್ತು ವಿದ್ಯುತ್ತು ಕೈಕೊಡದಂತೆ ನೋಡಿಕೊಳ್ಳುವುದು ಜಾಣತನ.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಇರುವುದು ದಿಕ್ಕಿನಲ್ಲಿ. ಯಾವುದು ಮೂಲ, ಯಾವುದು ಗಮ್ಯ ಎಂದು ತಂತ್ರಾಂಶ ಕೇಳಿದಾಗ ಉತ್ತರ ಅದಲುಬದಲಾದರೆ, ಖಾಲಿಯಾದ ಹೊಸ ಡಿಸ್ಕಿನ ಪ್ರತಿ ತುಂಬಿದ ಹಳೆಯ ಡಿಸ್ಕಿನ ಮೇಲೆ ಕೂರುತ್ತದೆ. 1970ರ ದಶಕದ ಯೂನಿಕ್ಸ್ ಕಾಲದಿಂದಲೂ ಬಳಕೆಯಲ್ಲಿರುವ ‘ಡಿಡಿ’ ಎಂಬ ಎರಡಕ್ಷರದ ಆಜ್ಞೆ ಇದಕ್ಕೆ ಕುಖ್ಯಾತ. ‘ಹೌದೇ? ಖಂಡಿತವೇ?’ ಎಂದು ಒಮ್ಮೆಯೂ ಕೇಳದೆ ಅದು ಹೇಳಿದ ಕೆಲಸ ಮುಗಿಸುತ್ತದೆ. ಬಲ್ಲವರು ಅದನ್ನು ‘ಡಿಸ್ಕ್ ಡಿಸ್ಟ್ರಾಯರ್’ ಎಂದು ಪರಿಹಾಸ್ಯ ಮಾಡುವುದುಂಟು. ಎರಡು ಡಿಸ್ಕುಗಳ ಹೆಸರು, ಗಾತ್ರ, ಕ್ರಮಾಂಕಗಳನ್ನು ಚೀಟಿಯಲ್ಲಿ ಬರೆದುಕೊಂಡು, ಪರದೆಯ ಮೇಲಿನ ವಿವರದೊಡನೆ ಒಂದೊಂದಾಗಿ ತಾಳೆ ನೋಡಿದ ಬಳಿಕವೇ ಕೊನೆಯ ಗುಂಡಿಯನ್ನು ಒತ್ತಬೇಕು. ಆ ಎರಡು ನಿಮಿಷದ ತಾಳ್ಮೆಗೆ ಬೆಲೆ ಕಟ್ಟಲಾಗದು.

ಅವಳಿಗಳ ಗೊಂದಲ

ನಕಲು ನೂರಕ್ಕೆ ನೂರು ಮುಗಿಯಿತೆಂದು ಪರದೆ ಸಾರಿದೊಡನೆ ಕೆಲಸ ಮುಗಿಯಿತೆಂದು ತಿಳಿಯುವುದು ಆತುರ. ಈಗ ಯಂತ್ರದಲ್ಲಿ ತದ್ರೂಪಿಗಳಾದ ಎರಡು ಡಿಸ್ಕುಗಳಿವೆ. ಪ್ರತಿಯೊಂದು ಡಿಸ್ಕಿಗೂ ಪಾಲಿಗೂ ಜಮೀನಿನ ಸರ್ವೆ ನಂಬರಿನಂತೆ ಬೇರೆ ಬೇರೆ ಗುರುತಿನ ಸಂಖ್ಯೆ ಇರಬೇಕಾದುದು ನಿಯಮ. ಇದ್ದುದಿದ್ದಂತೆ ನಕಲಾದಾಗ ಆ ಸಂಖ್ಯೆಯೂ ನಕಲಾಗುತ್ತದೆ. ಒಂದೇ ನಂಬರಿನ ಎರಡು ಜಮೀನು ಕಂಡ ವಿಂಡೋಸ್ ಒಂದನ್ನು ಅಮಾನತಿನಲ್ಲಿಡುವುದುಂಟು. ಲಿನಕ್ಸ್ ಸಾಮಾನ್ಯವಾಗಿ ಇದೇ ಸಂಖ್ಯೆಯ ಆಧಾರದಿಂದ ತನ್ನ ಪಾಲನ್ನು ಹುಡುಕುವುದರಿಂದ, ಅದು ಹೊಸದರ ಬದಲು ಹಳೆಯದನ್ನೇ ತೆರೆದುಕೊಂಡರೂ ತೆರೆದುಕೊಂಡೀತು.

ಇದರಿಂದ ಒದಗುವ ಅಪಾಯ ಬಹಳ ನವಿರಾದುದು. ಯಂತ್ರ ನಿಜವಾಗಿ ನಡೆಯುತ್ತಿರುವುದು ಹಳೆಯ ಡಿಸ್ಕಿನಿಂದ. ಒಡೆಯ ಮಾತ್ರ ಹೊಸದರಿಂದ ನಡೆಯುತ್ತಿದೆಯೆಂದು ನಂಬಿರುತ್ತಾನೆ. ಆ ನಂಬಿಕೆಯಿಂದ ಅವನು ಹಳೆಯದನ್ನು ಅಳಿಸಿಹಾಕಿದರೆ? ಹೊಸ ಡಿಸ್ಕು ನೆಟ್ಟಗೆ ಎಚ್ಚರಗೊಳ್ಳಬಲ್ಲುದೆ ಇಲ್ಲವೆ ಎಂಬುದು ಆಮೇಲೆ ಗೊತ್ತಾಗುತ್ತದೆ. ಇದಕ್ಕೆ ಪರಿಹಾರ ಸುಲಭ. ಮೊದಲ ಚಾಲನೆಗೆ ಮುಂಚೆ ಯಂತ್ರವನ್ನು ಆರಿಸಿ, ಹಳೆಯ ಡಿಸ್ಕನ್ನು ಕಳಚಿ ಮೇಜಿನ ಮೇಲಿಟ್ಟು, ಹೊಸದೊಂದನ್ನೇ ಒಳಗಿಟ್ಟು ಗುಂಡಿಯೊತ್ತಬೇಕು. ಆಗ ಸತ್ಯ ತಾನಾಗಿ ಹೊರಬೀಳುತ್ತದೆ.

ಆಗ ಯಂತ್ರ ಏಳದಿದ್ದರೆ ಎದೆಗುಂದಬೇಕಾಗಿಲ್ಲ. ಮದರ್‌ಬೋರ್ಡಿನ ಪಟ್ಟಿಯಲ್ಲಿ ಚಾಲನೆಯ ಸರದಿ ಬದಲಾಗಬೇಕಾಗಿರಬಹುದು. ಹಳೆಯ ಡಿಸ್ಕು ಎಂ.ಬಿ.ಆರ್. ಪದ್ಧತಿಯದಾಗಿದ್ದು ಯಂತ್ರ ಹೊಸ ಪದ್ಧತಿಯನ್ನು ಅಪೇಕ್ಷಿಸುತ್ತಿರಬಹುದು. ಸಾಟಾ ಬಗೆಯ ಡಿಸ್ಕಿನಿಂದ ಎನ್.ವಿ.ಎಂ.ಇ. ಬಗೆಯದಕ್ಕೆ ಹೋದಾಗ, ಹೊಸ ಸಾಧನವನ್ನು ನಡೆಸುವ ಡ್ರೈವರ್ ಮೊದಲ ಗಳಿಗೆಯಲ್ಲೇ ಸಿದ್ಧವಿರದೆ ವಿಂಡೋಸ್ ನೀಲಿ ಪರದೆ ತೋರಿಸುವುದುಂಟು. ಒಮ್ಮೆ ‘ಸೇಫ್ ಮೋಡ್’ನಲ್ಲಿ ಎಬ್ಬಿಸಿದರೆ ಅನೇಕ ವೇಳೆ ಅದು ಸರಿಹೋಗುತ್ತದೆ. ಇದಾವುದೂ ಫಲಿಸದಿದ್ದರೂ ಹಾನಿಯಿಲ್ಲ. ಹಳೆಯ ಡಿಸ್ಕು ಇನ್ನೂ ಹಾಗೆಯೇ ಇದೆ. ಅದನ್ನು ಮತ್ತೆ ಜೋಡಿಸಿ ನಿಧಾನವಾಗಿ ಇನ್ನೊಮ್ಮೆ ಪ್ರಯತ್ನಿಸಬಹುದು.

ಬಿಟ್ಟ ದೇಹದ ಕಾವಲು

ಅಮರುಕನ ಕಥೆಯಲ್ಲಿ ಒಂದು ಸ್ವಾರಸ್ಯವುಂಟು. ಅರಸನ ದೇಹದಲ್ಲಿ ಯಾರೋ ಮಹಾತ್ಮರು ನೆಲೆಸಿದ್ದಾರೆಂದು ಮಂತ್ರಿಗಳು ಊಹಿಸಿದರು. ಅವರು ಮರಳಿ ಹೋಗದಂತೆ ಮಾಡಲು, ರಾಜ್ಯದಲ್ಲಿ ಎಲ್ಲಿಯಾದರೂ ಜೀವವಿಲ್ಲದ ದೇಹ ಸಿಕ್ಕಿದರೆ ಸುಟ್ಟುಬಿಡಿರೆಂದು ಆಜ್ಞೆ ಮಾಡಿದರು. ಶಿಷ್ಯರ ಕಾವಲು ಇರದಿದ್ದರೆ ಆಚಾರ್ಯರಿಗೆ ಮರಳುವ ದಾರಿಯೇ ಇರುತ್ತಿರಲಿಲ್ಲ. ಗಣಕಯಂತ್ರದ ಪರಕಾಯ ಪ್ರವೇಶದಲ್ಲಿಯೂ ಬಿಟ್ಟ ದೇಹವನ್ನು ಕಾಯುವುದೇ ಮುಖ್ಯ.

ಪ್ರತಿಯೊಂದು ಇದೆಯೆಂಬ ನಂಬಿಕೆ ಎಷ್ಟು ದುರ್ಬಲವೆಂಬುದಕ್ಕೆ 1998ರಲ್ಲಿ ಅಮೆರಿಕದ ಪಿಕ್ಸಾರ್ ಚಿತ್ರಸಂಸ್ಥೆಯಲ್ಲಿ ನಡೆದ ಘಟನೆ ಸಾಕ್ಷಿ. ‘ಟಾಯ್ ಸ್ಟೋರಿ 2’ ಚಿತ್ರದ ತಯಾರಿಕೆಯ ಕಾಲದಲ್ಲಿ ತಪ್ಪಾಗಿ ಕೊಟ್ಟ ಅಳಿಸುವ ಆಜ್ಞೆಯೊಂದರಿಂದ ಚಿತ್ರದ ಬಹುಭಾಗ ಕಣ್ಣೆದುರಿಗೇ ಮಾಯವಾಗತೊಡಗಿತು. ಚಿಂತೆಯಿಲ್ಲ, ಬ್ಯಾಕಪ್ ಇದೆಯೆಂದು ನೋಡಿದರೆ ಅದು ಸರಿಯಾಗಿ ಕೆಲಸ ಮಾಡುತ್ತಿರಲೇ ಇಲ್ಲ. ಅದನ್ನು ಯಾರೂ ಪರೀಕ್ಷಿಸಿರಲಿಲ್ಲ. ಹಸುಗೂಸಿನ ತಾಯಿಯಾಗಿದ್ದ ಗ್ಯಾಲಿನ್ ಸಸ್‌ಮನ್ ಎಂಬ ತಂತ್ರನಿರ್ದೇಶಕಿ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಅವರ ಮನೆಯ ಗಣಕಯಂತ್ರದಲ್ಲಿ ಚಿತ್ರದ ಪ್ರತಿಯೊಂದು ಇದ್ದಿತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಜೋಪಾನವಾಗಿ ತಂದು, ಚಿತ್ರವನ್ನು ಉಳಿಸಿಕೊಂಡರು.

ದೊಡ್ಡ ಸಂಸ್ಥೆಗೇ ಇಂತಹ ಗತಿ ಬಂದಿರುವಾಗ ಸಾಮಾನ್ಯ ಗೃಹಸ್ಥನು ಎಚ್ಚರವಾಗಿರುವುದು ಲೇಸು. ಹೊಸ ಡಿಸ್ಕಿನಿಂದ ಯಂತ್ರ ಎದ್ದ ಬಳಿಕ ಹಳೆಯ ಚಿತ್ರಗಳನ್ನು ತೆರೆದು ನೋಡಬೇಕು. ಲೆಕ್ಕದ ತಂತ್ರಾಂಶ ನಡೆಯುತ್ತದೆಯೆ, ಮುದ್ರಣಯಂತ್ರ ಮಾತು ಕೇಳುತ್ತದೆಯೆ, ಕನ್ನಡದ ಹಳೆಯ ಕಡತ ಕನ್ನಡವಾಗಿಯೇ ಕಾಣುತ್ತದೆಯೆ ಎಂದು ಪರೀಕ್ಷಿಸಬೇಕು. ಯಂತ್ರವನ್ನು ಹಲವು ಸಲ ಆರಿಸಿ ಎಬ್ಬಿಸಬೇಕು. ಹಳೆಯ ಡಿಸ್ಕಿನ ಮೇಲೆ ತಾರೀಖಿನ ಚೀಟಿ ಅಂಟಿಸಿ, ಒಂದೆರಡು ತಿಂಗಳಾದರೂ ಬೀರುವಿನಲ್ಲಿ ಜೋಪಾನವಾಗಿಡಬೇಕು. ವರ್ಷದ ಲೆಕ್ಕಪತ್ರ, ತೆರಿಗೆಯ ಕಾಗದಗಳಂತಹ ಅಪರೂಪದ ಕಡತಗಳ ನೆನಪಾಗುವುದು ಬೇಕಾದಾಗಲೇ ಅಲ್ಲವೆ?

ಆ ಅವಧಿ ಕಳೆದ ಮೇಲೆ ಹಳೆಯ ಡಿಸ್ಕನ್ನು ಯಾರಿಗಾದರೂ ಕೊಡುವುದಾದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಅವಸರದ ‘ಕ್ವಿಕ್ ಫಾರ್ಮ್ಯಾಟ್’ ಕಡತಗಳ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆಯೇ ಹೊರತು ತಟ್ಟೆಯ ಮೇಲಿನ ಬರಹವನ್ನು ಅಳಿಸುವುದಿಲ್ಲ. ಬಲ್ಲವರು ಅದನ್ನು ಮರಳಿ ಓದಬಲ್ಲರು. ಇಡೀ ತಟ್ಟೆಯ ಮೇಲೆ ಹೊಸ ಬರಹ ತುಂಬಿ ಪೂರ್ತಿಯಾಗಿ ಅಳಿಸಿದ ಬಳಿಕವೇ ಅದನ್ನು ಕೈಬಿಡಬೇಕು. ಇನ್ನೂ ಗಟ್ಟಿಮುಟ್ಟಾಗಿದ್ದರೆ ಕೈಬಿಡಬೇಕಾದುದೂ ಇಲ್ಲ. ಅಗ್ಗದ ಪೆಟ್ಟಿಗೆಯೊಂದರಲ್ಲಿ ಕೂರಿಸಿ, ತಿಂಗಳಿಗೊಮ್ಮೆ ಹೊಸ ಡಿಸ್ಕಿನ ಕಡತಗಳನ್ನು ಅದಕ್ಕೆ ಪ್ರತಿ ಮಾಡಿಕೊಳ್ಳುತ್ತ ಬಂದರೆ, ಹೊಸ ಡಿಸ್ಕು ಕೈಕೊಟ್ಟ ದಿನ ಅದೇ ಒಡೆಯನ ಕೈಹಿಡಿಯುತ್ತದೆ.